ಸಾಥಿ ಮೌನೇಶ ಬಿಟ್ಟ ಆರು ಮಾತ್ರೆಗಳು

ದಾಂಡೇಲಿಯ ಸಂಗೀತ ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದಾಗ, ಅಲ್ಲಿ ಕಲಿತು ಹೋದವರ ಸಾಧನೆಯ ಪಟ್ಟಿ ಮಾಡುವ ಕೆಲಸ ಮೌನೇಶನ ಪಾಲಿಗೆ ಬಂತು. ಅದು ಬೇರೆ ಯಾರ ಪಾಲಿಗೂ ಬರುವಂತಿರಲಿಲ್ಲ. ಶಾಲೆ ಕಟ್ಟಿದ ಶಿವಯೋಗಿ ಮಾಸ್ತರರಿಗೆ ಈಗ ಎಪ್ಪತ್ತೆರಡು ವರ್ಷ. ರಾಗಗಳೆಲ್ಲ ಅವರಿಗೆ ನೆನಪಿದ್ದವು, ಹುಡುಗರ ಹೆಸರುಗಳು ಮಾತ್ರ ಜಾರತೊಡಗಿದ್ದವು. ಮೌನೇಶನಿಗೆ ಹಾಗಲ್ಲ. ಯಾರು ಯಾವ ವರ್ಷ ಯಾವ ಪರೀಕ್ಷೆಗೆ ಕುಳಿತರು, ಯಾವ ರಾಗ ಹಾಡಿದರು, ಹಾಡುವ ಮೊದಲು ಎಷ್ಟು ಲೋಟ ನೀರು ಕುಡಿದರು ಎಂಬುದೂ ಅವನಿಗೆ ಗೊತ್ತಿತ್ತು. ಏಕೆಂದರೆ ಅವರೆಲ್ಲರ ಪಕ್ಕದಲ್ಲಿ ಕುಳಿತು ತಬಲಾ ನುಡಿಸಿದವನು ಅವನೇ.

ಮೌನೇಶನ ತಂದೆ ಸಾತಪ್ಪ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದವರು. ಮೌನೇಶನೂ ಅಲ್ಲಿಯೇ ಗುತ್ತಿಗೆಯ ಮೇಲೆ ಬೆಳಗಿನ ಪಾಳಿಗೆ ಹೋಗುತ್ತಿದ್ದ. ಮಧ್ಯಾಹ್ನ ಉಂಡು ಒಂದು ಗಳಿಗೆ ಅಡ್ಡಾಗಿ, ನಾಲ್ಕು ಗಂಟೆಗೆ ಶಾಲೆಯ ಮೆಟ್ಟಿಲು ಹತ್ತುತ್ತಿದ್ದ. ಶಾಲೆ ಎಂದರೆ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಪಾಠಕ್ಕೂ ಅವನೇ ತಬಲಾ ಸಾಥಿ, ಪರೀಕ್ಷೆಗೂ ಅವನೇ. ಪರೀಕ್ಷೆಯ ದಿನ ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ಬಂದು ಹಾಡಿ ಎದ್ದು ಹೋಗುತ್ತಿದ್ದರು, ಮೌನೇಶ ಮಾತ್ರ ಕುಳಿತಲ್ಲಿಯೇ ಕುಳಿತಿರುತ್ತಿದ್ದ. ಮೌನೇಶನ ಸಾಥ್ ಇದ್ದರೆ ತಾಲ ತಪ್ಪುವುದಿಲ್ಲ ಎಂದು ಮಕ್ಕಳ ತಾಯಂದಿರೂ ಹೇಳುತ್ತಿದ್ದರು.

ಪಟ್ಟಿಯ ಕೆಲಸಕ್ಕೆ ಅವನಿಗೆ ಜೊತೆಯಾದವನು ಮಹಾಬಳೇಶ್ವರ. ಶಾಲೆಯ ಹಳೆಯ ವಿದ್ಯಾರ್ಥಿ, ಈಗ ಮುಂಡಗೋಡದ ವಸತಿ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕ. ಪ್ರತಿ ಭಾನುವಾರ ಬಂದು, ಮೌನೇಶ ಬರೆದಿಟ್ಟದ್ದನ್ನು ಲ್ಯಾಪ್‌ಟಾಪಿಗೆ ಏರಿಸುತ್ತಿದ್ದ. ಹಳಬರಿಗೆಲ್ಲ ಫೋನು ಮಾಡಿ ಕೇಳುವಾಗ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ. ಗೋವಾದ ಹೋಟೆಲಿನಲ್ಲಿ ಸಂಜೆ ಗಜಲ್ ಹಾಡುವ ಕರಿಬಸಪ್ಪ, ತನ್ನ ಹೆಸರಿನ ಮುಂದೆ ‘ಅಂತಾರಾಷ್ಟ್ರೀಯ’ ಎಂದು ಹಾಕಲೇಬೇಕು ಎಂದ.

“ಯಾವ ದೇಶಕ್ಕ ಹೋಗಿದ್ದೆಪಾ?” ಎಂದು ಕೇಳಿದ ಮೌನೇಶ.

“ನಾ ಎಲ್ಲೆ ಹೋಗ್ಲಿರಿ ಸರ? ರಷ್ಯಾದವರ ಇಲ್ಲಿಗೆ ಬರ್ತಾರಲ್ರಿ. ಕೇಳ್ಕೋತ ಉಣ್ತಾರ.”

ಜೋಯಿಡಾ ಬಸ್ಸಿನ ಕಂಡಕ್ಟರ್ ಬಾಳೇಶ ತದ್ವಿರುದ್ಧ. “ನಂದೇನ ಸಾಧನಾ ಬಿಡ್ರಿ. ಸೀಟಿ ಊದೂದು ಒಂದ ಉಳದೈತಿ. ಅದನ್ನರ ಶ್ರುತಿ ಹಿಡದು ಊದ್ತಾನ ಅಂತ ಬರೀರಿ,” ಎಂದ.

ಹೀಗೆ ನಲವತ್ತೊಂದು ಹೆಸರಾದವು. ಸೀನಿಯರ್ ಪರೀಕ್ಷೆ ಪಾಸಾದವರದ್ದು ಮಾತ್ರ ಹಾಕಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ಒಂದು ಭಾನುವಾರ ಮಾಸ್ತರರು ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ಓದುತ್ತ ಬಂದರು. ಕೊನೆಗೆ ಮುಟ್ಟಿ ಮತ್ತೆ ಮೇಲಕ್ಕೆ ಹೋದರು.

“ನಾಜಿಯಾ ಎಲ್ಲಿ?”

ಮೌನೇಶನ ಕೈಯಲ್ಲಿದ್ದ ಪೆನ್ನು ನಿಂತಿತು. “ಅಕಿ ಪಾಸ್ ಆಗ್ಲಿಲ್ಲಲ್ರಿ, ಮಾಸ್ತರ.”

“ಹೌದಲ್ಲ,” ಎಂದರು ಮಾಸ್ತರರು. “ಗಾಬರಿ ಆಗಿದ್ಲು.” ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. “ಎಂಥಾ ದನಿ ಅದು. ನಾ ಕಲಿಸಿದವರೊಳಗ ಇನ್ನೊಂದು ಅಂಥಾದ್ದ ಬರಲಿಲ್ಲ ನೋಡು.”

ಆಮೇಲೆ ಮಹಾಬಳೇಶ್ವರ ತಾನೇ ಬರೆದ ನಲವತ್ತೆರಡನೆಯ ಹೆಸರನ್ನು ಗಟ್ಟಿಯಾಗಿ ಓದಿದ. ಅದು ಮೌನೇಶನದೇ. ‘ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ತಾಲ ತಪ್ಪದೆ ನೂರಾರು ವಿದ್ಯಾರ್ಥಿಗಳನ್ನು ದಡ ಮುಟ್ಟಿಸಿದ ಸಾಥಿ.’ ಮೌನೇಶ ಬೇಡವೆಂದ. ಇಬ್ಬರೂ ಅದನ್ನು ಸಂಕೋಚವೆಂದುಕೊಂಡರು. ಸಮಾರಂಭದಲ್ಲಿ ಅವನಿಗೆ ಶಾಲು ಹೊದಿಸುವುದೂ ನಿಶ್ಚಯವಾಗಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ನಾಜಿಯಾ ಆಫ್ರಿಕಾ ಮೂಲದ ಸಿದ್ದಿಯರ ಹುಡುಗಿ, ಹಳಿಯಾಳದ ಹತ್ತಿರದ ಹಳ್ಳಿಯವಳು. ತಾಯಿ ರುಬಿನಾ ಹೊಲದ ಕೂಲಿ. ಶಾಲಾ ಮಕ್ಕಳ ಸ್ಪರ್ಧೆಗೆ ತೀರ್ಪು ಕೊಡಲು ಹೋಗಿದ್ದ ಮಾಸ್ತರರು ಆ ಹುಡುಗಿಯ ದನಿ ಕೇಳಿ, ಮರುದಿನವೇ ಅವರ ಮನೆ ಹುಡುಕಿಕೊಂಡು ಹೋಗಿದ್ದರು. ಏಳು ವರ್ಷ ನಾಜಿಯಾ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಬಂದಳು. ಮಾತು ಕಡಿಮೆ. ಎಣಿಕೆ ಮಾತ್ರ ಎಷ್ಟು ಗಟ್ಟಿಯೆಂದರೆ, ಮೌನೇಶ ಬೇಕೆಂದೇ ತಬಲಾದಲ್ಲಿ ಕಾಡಿದರೂ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ಹದಿನೇಳಕ್ಕೆ ಸೀನಿಯರ್ ಪರೀಕ್ಷೆಗೆ ಕುಳಿತಳು.

ಪರೀಕ್ಷೆ ಹಳಿಯಾಳದ ಒಂದು ಸಭಾಂಗಣದಲ್ಲಿ. ಪರೀಕ್ಷಕರು ಹೊರಗಿನವರು. ಊಟದ ಹೊತ್ತಿಗೆ ಅವರು ಎಲ್ಲರ ಮುಂದೆ ಮೌನೇಶನ ಬೆನ್ನು ತಟ್ಟಿ, ಇಂಥ ಸಾಥಿ ಇಲ್ಲಿ ಮೂಲೆಯಲ್ಲಿ ಏಕೆ ಉಳಿದಿದ್ದಾನೆ ಎಂದಿದ್ದರು. ಆ ಒಂದು ಮಾತು ಮೌನೇಶನ ತಲೆಯಲ್ಲಿ ಕುಳಿತುಬಿಟ್ಟಿತು. ಊಟವಾದ ಮೇಲೆ ಮೂರನೆಯವಳಾಗಿ ನಾಜಿಯಾ ಬಂದಳು. ಬಿಹಾಗ್ ರಾಗ, ವಿಲಂಬಿತ ಏಕತಾಲ.

ಏಕತಾಲಕ್ಕೆ ಹನ್ನೆರಡು ಮಾತ್ರೆ, ಅಂದರೆ ಹನ್ನೆರಡು ಎಣಿಕೆ. ಹನ್ನೆರಡು ಎಣಿಸಿ ಮತ್ತೆ ಮೊದಲಿನದಕ್ಕೆ ಬರುವ ಜಾಗಕ್ಕೆ ಸಮ್ ಎನ್ನುತ್ತಾರೆ. ಹಾಡುವವರು ನಡುವೆ ಎಲ್ಲಿ ಸುತ್ತಿದರೂ ಅಲ್ಲಿಗೆ ಬಂದು ಕೂಡಬೇಕು. ಈ ತಾಲದಲ್ಲಿ ‘ಧಾಗೆ ತಿರಕಿಟ’ ಎಂಬ ಬೋಲು, ಎಂದರೆ ತಬಲಾದ ನುಡಿ, ಎರಡು ಸಲ ಬರುತ್ತದೆ. ಮೂರು, ನಾಲ್ಕನೆಯ ಮಾತ್ರೆಗೆ ಒಮ್ಮೆ, ಒಂಬತ್ತು, ಹತ್ತಕ್ಕೆ ಇನ್ನೊಮ್ಮೆ. ಬಹಳ ನಿಧಾನವಾಗಿ ನುಡಿಸುವಾಗ ಮನಸ್ಸು ಬೇರೆಡೆಗೆ ಹೋದರೆ ಇದು ಮೊದಲಿನದೋ ಎರಡನೆಯದೋ ಎಂಬುದು ತಪ್ಪಿಹೋಗುತ್ತದೆ. ಮೌನೇಶನ ಮನಸ್ಸು ಊಟದ ಹೊತ್ತಿನ ಆ ಹೊಗಳಿಕೆಯಲ್ಲಿತ್ತು. ಮೊದಲ ತಿರಕಿಟ ನುಡಿಸಿ, ಎರಡನೆಯದೆಂದು ತಿಳಿದು, ಮುಂದಿನ ಆರು ಮಾತ್ರೆಗಳನ್ನು ಹಾರಿ ಕೊನೆಯ ‘ಧೀ ನಾ’ಕ್ಕೆ ಹೋದ. ಅಲ್ಲಿಂದ ಸಮ್ ಮೇಲೆ ಗಟ್ಟಿಯಾಗಿ ಹೊಡೆದ.

ನಾಜಿಯಾ ಇನ್ನೂ ದಾರಿಯಲ್ಲಿದ್ದಳು. ಸ್ವರ ಅರ್ಧಕ್ಕೇ ನಿಂತಿತು. ಅಂಕಪಟ್ಟಿಯಲ್ಲಿ ಏನೋ ಬರೆಯುತ್ತಿದ್ದ ಪರೀಕ್ಷಕರು ಸಮ್‌ನ ಪೆಟ್ಟಿಗೆ ತಲೆ ಎತ್ತಿದರು.

“ಯಾಕ? ತಾಲ ಬಿಟ್ಟಿ?” ಎಂದರು. ಆಮೇಲೆ ಸರದಿಗೆ ಕಾದು ಸಾಲಾಗಿ ಕುಳಿತವರ ಕಡೆ ತಿರುಗಿ ನಕ್ಕರು. “ಸಿದ್ದಿ ಮಂದಿಗೆ ಲಯ ರಕ್ತದಾಗ ಇರ್ತೈತಿ ಅಂತಾರಲ್ಲ, ಎಲ್ಲೈತಿ?”

ಕೆಲವರು ನಕ್ಕರು. ನಾಜಿಯಾ ಮೌನೇಶನ ಕಡೆ ನೋಡಿದಳು. ‘ತಪ್ಪು ನನ್ನದು’ ಎಂಬ ಎರಡು ಶಬ್ದ ಅವನ ನಾಲಿಗೆಯ ಮೇಲೆ ಬಂದಿದ್ದವು. ಅವನು ಸುತ್ತಿಗೆ ಎತ್ತಿಕೊಂಡು, ಸರಿಯಾಗಿಯೇ ಇದ್ದ ತಬಲಾದ ಅಂಚನ್ನು ಎರಡು ಸಲ ಬಡಿದ, ಶ್ರುತಿ ನೋಡುವವನ ಹಾಗೆ. ನಾಜಿಯಾ ಮತ್ತೆ ಹಾಡಲು ಹೋದಳು. ದನಿ ಏಳಲಿಲ್ಲ.

ಸಂಜೆ, ಪರೀಕ್ಷೆಯ ಹೊತ್ತಿಗೆ ಒಳಗಿರದ ಮಾಸ್ತರರು ಏನಾಯಿತೆಂದು ಕೇಳಿದರು. “ಗಾಬರಿ ಆದ್ಲ್ರಿ,” ಎಂದ ಮೌನೇಶ. ಆ ಮಾತು ಮಾಸ್ತರರ ಬಾಯಲ್ಲಿ ಹನ್ನೆರಡು ವರ್ಷ ಉಳಿಯಿತು.

ಪಟ್ಟಿ ಓದಿದ ದಿನ ಮನೆಗೆ ಬಂದ ಮೌನೇಶ ಊಟಕ್ಕೆ ಕುಳಿತು ರೊಟ್ಟಿ ಮುರಿದು ಹಾಗೆಯೇ ಹಿಡಿದುಕೊಂಡಿದ್ದ. ಹೆಂಡತಿ ಅನ್ನಪೂರ್ಣಾ ಪಲ್ಯ ಬಡಿಸಲು ಬಂದವಳು ಸೌಟು ಕೆಳಗಿಟ್ಟಳು.

“ಶಾಲು ಹೊದಸ್ತಾರ ಅಂದ್ರ ಮುಖ ಹಿಂಗ್ಯಾಕ ಮಾಡೀರಿ? ಸೆಕಿ ಆಗ್ತೈತಿ ಅಂತೇನು?”

ಅವನು ಹೇಳಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟ. ಅನ್ನಪೂರ್ಣಾ ಕೇಳಿಸಿಕೊಂಡು ಪಲ್ಯದ ಪಾತ್ರೆಗೆ ಮುಚ್ಚಳ ಹಾಕಿದಳು.

“ಅಕಿ ಈಗ ಎಲ್ಲಿದ್ದಾಳ?”

“ಮುಂಡಗೋಡದ ಕಡೆ ಪಾಳಾದಾಗ ಕೊಟ್ಟಾರಂತ. ಮಹಾಬಳೇಶ್ವರ ಹೇಳ್ದ.”

“ಮತ್ತ ನನ್ನ ಮುಂದ ಯಾಕ ಹೇಳಾಕತ್ತೀರಿ?” ಎಂದಳು ಅವಳು. ಎದ್ದು ಹೋಗಿ ಮರುದಿನದ ಬುತ್ತಿಗೆ ಹಿಟ್ಟು ತೆಗೆದಳು.

ದಾಂಡೇಲಿಯಿಂದ ಹಳಿಯಾಳ, ಅಲ್ಲಿಂದ ಕಲಘಟಗಿ, ಮುಂದೆ ಮುಂಡಗೋಡ, ಆಮೇಲೆ ಪಾಳಾ. ನಾಲ್ಕು ಬಸ್ಸು ಬದಲಿಸುವಷ್ಟರಲ್ಲಿ ಮೌನೇಶ ತಾನು ಹೇಳಬೇಕಾದ್ದನ್ನು ಹತ್ತಾರು ಸಲ ಜೋಡಿಸಿಕೊಂಡ. ಪ್ರತಿ ಸಲವೂ ತಾನು ಅಷ್ಟೇನೂ ಕೆಟ್ಟವನಲ್ಲ ಎನ್ನುವ ಒಂದು ಸಾಲು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಿತ್ತು. ಅದನ್ನು ತೆಗೆದು ಮತ್ತೆ ಮೊದಲಿನಿಂದ ಜೋಡಿಸುತ್ತಿದ್ದ.

ಮನೆಯ ಮುಂದೆ ಗೋವಿನಜೋಳ ಒಣಗಲು ಹರವಿದ್ದರು. ಒಬ್ಬ ಹೆಂಗಸು ಕಾಲಿನಿಂದ ಕಾಳು ಸರಿಸುತ್ತ, ಗೆರೆ ಎಳೆದ ಹಾಗೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಜಗುಲಿಯ ಮೇಲೆ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ರುಬಿನಾಳೇ ಅವನನ್ನು ಮೊದಲು ಗುರುತಿಸಿದಳು. ಮಗಳ ಬಾಣಂತನಕ್ಕೆ ಬಂದವಳು ಅಲ್ಲಿಯೇ ಉಳಿದಿದ್ದಳು.

“ಅಯ್ಯ, ತಬಲಾ ಮಾಸ್ತರ! ಬರ್ರಿ, ಬರ್ರಿ. ನಾಜಿಯಾ, ನೋಡ ಯಾರ ಬಂದಾರ!”

ನಾಜಿಯಾ ಕಾಳಿನ ನಡುವೆಯೇ ನಿಂತಳು. ಸೆರಗು ಸರಿಮಾಡಿಕೊಂಡು, “ಚೊಲೋ ಅದೀರಿ ಸರ್?” ಎಂದಳು. ಚಹಾ ಬಂತು. ರುಬಿನಾ ಮಾತಿಗೆ ಬರಗಾಲವಿಲ್ಲದವಳು.

“ಏಳು ವರ್ಷ ಕಲಿತಾಳ, ಈ ಕೂಸಿಗೆ ಒಂದು ಜೋಗುಳ ಹಾಡಂಗಿಲ್ಲ ನೋಡ್ರಿ ಈಕಿ. ಮದಿವ್ಯಾಗ ನಮ್ಮ ಹೆಣ್ಮಕ್ಕಳೆಲ್ಲಾ ಚಪ್ಪಾಳಿ ಹಾಕಿ ಹಾಡಾಕ ಕುಂತ್ರ, ಈಕಿ ಅಡಗಿ ಮನ್ಯಾಗ ಉಳ್ಳಾಗಡ್ಡಿ ಹೆಚ್ಚಾಕ ಹೋಗ್ತಾಳ. ಎಲ್ಲಾರೂ ಕೇಳ್ತಾರ, ನಿನ್ನ ಮಗಳಿಗೆ ಸೊಕ್ಕೇನು ಅಂತ.”

“ಅಮ್ಮಾ, ಸಾಕು,” ಎಂದಳು ನಾಜಿಯಾ.

ಮೌನೇಶ ಚಹಾದ ಲೋಟ ಕೆಳಗಿಟ್ಟ. ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. “ಅವತ್ತ ತಾಲ ತಪ್ಪಿದ್ದು ನಾನು,” ಎಂದ. “ನೀ ಅಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಮುಂದೆ ಇದ್ದ ಮಣೆಯನ್ನು ಎಳೆದುಕೊಂಡು, ಬೆರಳಿನಿಂದ ಏಕತಾಲ ನುಡಿಸಿದ. ಒಮ್ಮೆ ಸರಿಯಾಗಿ, ಆಮೇಲೆ ಅಂದಿನ ಹಾಗೆ. ನಾಜಿಯಾಳ ಬಲಗೈ ತಾನಾಗಿ ಎಡ ಅಂಗೈಯ ಮೇಲೆ ಎಣಿಸತೊಡಗಿತ್ತು. ನಾಲ್ಕನೆಯ ಮಾತ್ರೆ ದಾಟಿ ಐದಕ್ಕೆ ಹೋಗಬೇಕಾದ ಕೈ, ಅವನ ‘ಧೀ ನಾ’ ಕೇಳಿ ಗಾಳಿಯಲ್ಲಿಯೇ ನಿಂತಿತು.

“ಇನ್ನೊಮ್ಮೆ,” ಎಂದಳು.

ಅವನು ನುಡಿಸಿದ. ಅವಳು ಎಣಿಸಿದಳು.

“ಆರು ಮಾತ್ರೆ,” ಎಂದಳು ಮೆಲ್ಲಗೆ. ತಾಯಿಯನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. “ಆ ಒಂದ ಸುತ್ತು ನಾ ಎಷ್ಟ ಸಲ ಎಣಿಸೇನಿ ಗೊತ್ತನ್ರಿ ಸರ್? ಬಸ್ಸಿನ್ಯಾಗ, ಗದ್ದ್ಯಾಗ ಸಸಿ ಹಚ್ಚೂ ಮುಂದ. ಎಣಿಸಿದಾಗೆಲ್ಲಾ ನಂದ ಬರೋಬ್ಬರಿ ಬರ್ತಿತ್ತು. ನೀವು ತಪ್ಪತೀರಿ ಅಂತ ನನ್ನ ತಲ್ಯಾಗ ಬರಲೇ ಇಲ್ಲ. ತಪ್ಪಿದ್ದರೂ ಬರೋಬ್ಬರಿ ಅನಸ್ತೈತಿ ಅಂದ್ರ, ನನಗ ಎಣಸಾಕ ಬರಂಗಿಲ್ಲ ಅಂತ ತಿಳ್ಕೊಂಡೆ.”

ರುಬಿನಾಳ ಕೈ ಮಗುವಿನ ಬೆನ್ನ ಮೇಲೆ ತಟ್ಟುವುದನ್ನು ನಿಲ್ಲಿಸಿತು. “ಇದಕ್ಕ ಈಕಿ ಚಪ್ಪಾಳಿ ಹಾಕೂದ ಬಿಟ್ಟಳಾ?” ಎಂದು ಕೇಳಿದಳು. ಆಮೇಲೆ ಮೌನೇಶನ ಕಡೆ ತಿರುಗಿದಳು. “ಏನ್ ಮಾಸ್ತರ, ನಾವು ನಿಮಗ ಏನ್ ಮಾಡಿದ್ವಿ?”

ಮೌನೇಶ ಕೈ ಮುಗಿದ. ಪಟ್ಟಿಯಲ್ಲಿ ನಾಜಿಯಾಳ ಹೆಸರು ಸೇರಿಸಲು ಮಾಸ್ತರರಿಗೆ ಹೇಳುತ್ತೇನೆ, ಸಮಾರಂಭಕ್ಕೆ ಬರಬೇಕು, ಎಂದೆಲ್ಲ ಹೇಳಿದ.

“ಯಾವ ಸಾಧನಾಕ್ಕ ಹಾಕ್ತೀರಿ ಹೆಸರ?” ಎಂದಳು ನಾಜಿಯಾ. ಅವಳ ದನಿ ಏರಲಿಲ್ಲ. “ನನಗ ಬ್ಯಾಡ. ಒಂದ ಹೇಳ್ತೇನಿ ಕೇಳ್ರಿ. ಪರೀಕ್ಷಾ ಮಾಡಿದವರು ಆ ಮಾತ ಅಂದಿದ್ದು ಎಲ್ಲಾರ ಮುಂದ. ನೀವು ನನ್ನೊಬ್ಬಾಕಿ ಮುಂದ ಹೇಳಾಕ ಇಷ್ಟ ದೂರ ಬಂದೀರಿ.”

ಅಷ್ಟು ಹೇಳಿ ಅವಳು ಅಂಗಳಕ್ಕೆ ಇಳಿದು ಮತ್ತೆ ಕಾಳು ಸರಿಸತೊಡಗಿದಳು. ಮೌನೇಶ ಹೊರಟಾಗ ರುಬಿನಾ ಎದ್ದು ಬಂದು ಬಾಗಿಲಲ್ಲಿ ನಿಲ್ಲಲಿಲ್ಲ.

ಮರುದಿನ ಪಾಳಿ ಮುಗಿಸಿದವನೇ ಮಾಸ್ತರರ ಮನೆಗೆ ಹೋದ. ಎಲ್ಲವನ್ನೂ ಹೇಳಿದ, ಪರೀಕ್ಷೆಯ ದಿನ ಸಂಜೆ ಹೇಳಿದ ಸುಳ್ಳನ್ನೂ ಹೇಳಿದ. ಮಾಸ್ತರರು ತಂಬೂರಿಯ ತಂತಿ ಬದಲಿಸುತ್ತಿದ್ದರು. ಕೈಯಲ್ಲಿನ ತಂತಿ ಹಾಗೆಯೇ ಇತ್ತು.

“ಫಲಿತಾಂಶ ಬಂದ ಮ್ಯಾಲ ಅಕಿ ಬಂದಿದ್ಲು,” ಎಂದರು ಅದನ್ನೇ ನೋಡುತ್ತ. “ಮತ್ತ ಪರೀಕ್ಷಾಕ್ಕ ಕುಂಡರ್ಲೇನು ಅಂತ ಕೇಳಾಕ. ಗಾಬರಿ ಹೋಗೂತನಕ ಒಂದ ವರ್ಷ ಬಿಟ್ಟುಬಿಡು ಅಂತ ನಾನ ಕಳಿಸಿದೆ. ನಿನ್ನ ಮಾತ ನಂಬಿ ಕಳಿಸಿದೆ. ಆ ಒಂದ ವರ್ಷದಾಗ ಮದುವಿ ಮಾಡಿದ್ರು.”

ಇದು ಮೌನೇಶನಿಗೆ ಗೊತ್ತಿರಲಿಲ್ಲ. ಆರು ಮಾತ್ರೆಯ ಭಾರವನ್ನಷ್ಟೇ ಹೊತ್ತು ಬಂದವನ ಮೇಲೆ ಇನ್ನೊಂದು ಬಂದು ಕುಳಿತಿತು. ಮೊದಲಿನದು ಮೈಮರೆವಿನ ತಪ್ಪು ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದಕ್ಕೆ ಹಾಗೆ ಹೇಳಲು ಬರುವಂತಿರಲಿಲ್ಲ.

“ಸಮಾರಂಭದಾಗ ಹೇಳ್ತೇನ್ರಿ,” ಎಂದ.

“ಹೇಳಬೇಕು,” ಎಂದರು ಮಾಸ್ತರರು. ಚಹಾ ಕುಡಿಯುತ್ತೀಯಾ ಎಂದು ಕೇಳಲಿಲ್ಲ.

ಸಮಾರಂಭ ಭಾನುವಾರ ಬೆಳಗ್ಗೆ. ಹಳಬರು, ಹೊಸ ಮಕ್ಕಳು, ತಂದೆತಾಯಿಗಳು ಎಲ್ಲ ಸೇರಿ ಇನ್ನೂರು ಜನ. ಕರಿಬಸಪ್ಪ ಹೊಳೆಯುವ ಕೋಟು ಹಾಕಿಕೊಂಡು ಬಂದಿದ್ದ. ಮಹಾಬಳೇಶ್ವರ ಒಂದೊಂದೇ ಹೆಸರು ಓದಿದ. ರೇಡಿಯೊದಲ್ಲಿ ಹಾಡುವವರು, ಮಕ್ಕಳಿಗೆ ಕಲಿಸುವವರು, ಉಳವಿಯಲ್ಲಿ ಭಜನೆ ನಡೆಸುವವರು ಬಂದು ಮಾಲೆ ಹಾಕಿಸಿಕೊಂಡರು. ಕೊನೆಗೆ ಮೌನೇಶನನ್ನು ಕರೆದರು. ಅವನು ಶಾಲು ಹಿಡಿದು ಬಂದವರ ಕೈ ತಡೆದು ಮೈಕಿನ ಮುಂದೆ ನಿಂತ.

“ತಾಲ ತಪ್ಪಿಲ್ಲ ಅಂತ ಓದಿದ್ರಿ. ನಾ ತಪ್ಪೇನಿ. ನನ್ನ ತಪ್ಪಿನಿಂದ ಒಬ್ಬ ಹುಡುಗಿ ಫೇಲಾದ್ಲು,” ಎಂದ.

ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಯಾರೋ, “ನೋಡ್ರಿ, ಎಂಥಾ ವಿನಯ!” ಎಂದರು. ಇಲ್ಲಿಗೇ ಬಿಟ್ಟರೂ ನಡೆಯುತ್ತಿತ್ತು. ಹೇಳಿದಂತೆಯೂ ಆಗುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಒಂದು ಕ್ಷಣ ಅವನಿಗೆ ಬಿಟ್ಟುಬಿಡಬೇಕೆನಿಸಿತು.

ಶಿವಯೋಗಿ ಮಾಸ್ತರರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. “ಚಪ್ಪಾಳಿ ಹಾಕಬ್ಯಾಡ್ರಿ. ಅವ ಖರೇನ ಹೇಳಾಕತ್ತಾನ. ಕೇಳ್ರಿ.”

ಮೌನೇಶ ಹೇಳಿದ. ನಾಜಿಯಾಳ ಹೆಸರು, ಇಸವಿ, ರಾಗ, ತಾನು ಹಾರಿದ ಮಾತ್ರೆಗಳು. ಪರೀಕ್ಷಕರು ಅಂದ ಮಾತನ್ನು ಅಂದಂತೆಯೇ ಹೇಳಿದ. ಆಗ ತಾನು ತಬಲಾ ಬಡಿಯುತ್ತ ಕುಳಿತದ್ದನ್ನು, ಮಾಸ್ತರರಿಗೆ ಸುಳ್ಳು ಹೇಳಿದ್ದನ್ನು, ಆ ಸುಳ್ಳಿನಿಂದ ಅವಳು ಮತ್ತೆ ಪರೀಕ್ಷೆಗೆ ಕೂಡದೆ ಹೋದದ್ದನ್ನು ಹೇಳಿದ. “ತಾಲ ಅಕಿದು ಸರಿ ಇತ್ತು. ಲಯ ತಪ್ಪಿದ್ದು ನಂದು,” ಎಂದು ಮುಗಿಸಿದ. ಅಂದು ಸಾಲಿನಲ್ಲಿ ಕುಳಿತು ನಕ್ಕವರಲ್ಲಿ ಇಬ್ಬರು ಇಂದು ಮಾಲೆ ಹಾಕಿಕೊಂಡು ಮುಂದೆ ಕುಳಿತಿದ್ದರು. ಅವರು ತಲೆ ತಗ್ಗಿಸಿದರು.

ಆಗ ಹಿಂದಿನಿಂದ ಒಬ್ಬ ಹೆಂಗಸು ಎದ್ದಳು. ಸುಶೀಲವ್ವ ಎಂದು, ಹಳಿಯಾಳದವಳು, ಮೊಮ್ಮಗಳನ್ನು ಹೊಸದಾಗಿ ಪಾಠಕ್ಕೆ ಸೇರಿಸಿದ್ದವಳು.

“ತಬಲಾ ಮಾಸ್ತರ, ಒಂದು ಕೇಳ್ತೇನ್ರಿ. ನನ್ನ ಮಗನೂ ಇಲ್ಲೇ ಕಲಿತಿದ್ದ. ಎಂಟು ವರ್ಷದ ಹಿಂದ ಸೀನಿಯರ್‌ನ್ಯಾಗ ಫೇಲಾದ. ತಾಲದಾಗ ಹೋತು ಅಂತಾನ ಹೇಳಿದ್ರು. ಅದೂ ನೀವ ಬಿಟ್ಟಿದ್ರೇನು?”

ಮೌನೇಶ ಇಲ್ಲ ಎನ್ನಲು ಬಾಯಿ ತೆರೆದ. ಆ ಹುಡುಗನ ಮುಖ ನೆನಪಾಯಿತು, ರಾಗ ನೆನಪಾಯಿತು. ತನ್ನ ಬೆರಳುಗಳು ಆ ದಿನ ಏನು ನುಡಿಸಿದವು ಎಂಬುದು ಎಷ್ಟು ತಡಕಿದರೂ ಸಿಗಲಿಲ್ಲ. ಯಾರೂ ಅಂದು ಅವನನ್ನು ಕೇಳಿರಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ. ಹುಡುಗರು ತಪ್ಪುತ್ತಾರೆ, ಸಾಥಿ ತಪ್ಪುವುದಿಲ್ಲ ಎಂದು ಇಪ್ಪತ್ತೈದು ವರ್ಷ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ.

“ಗೊತ್ತಿಲ್ರಿ, ಅವ್ವಾರ,” ಎಂದ.

“ಗೊತ್ತಿಲ್ಲ ಅಂದ್ರ?”

“ಇಲ್ಲ ಅಂತ ಆಣಿ ಮಾಡಿ ಹೇಳಾಕ ಆಗಂಗಿಲ್ರಿ.”

ಸುಶೀಲವ್ವ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಮೊಮ್ಮಗಳ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆದಳು. ಮೌನೇಶ ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವಿನಿಂದ ಅವಳ ಹಿಂದೆ ಹೋದ. ಹೊರಗೆ ರಸ್ತೆಯ ಅಂಚಿನಲ್ಲಿ ಅವಳು ಆಟೊಗೆ ಕೈ ಮಾಡುತ್ತಿದ್ದಳು.

“ರುದ್ರೇಶ ಈಗ ಎಲ್ಲಿದ್ದಾನ್ರಿ?” ಎಂದು ಕೇಳಿದ.

ಮಗನ ಹೆಸರು ಇವನಿಗೆ ನೆನಪಿದ್ದುದಕ್ಕೆ ಅವಳು ಒಂದು ಗಳಿಗೆ ತಡೆದಳು. “ಹಳಿಯಾಳದಾಗ, ಬಸ್ ಸ್ಟ್ಯಾಂಡ್ ಹಿಂದ. ಟೈರ್ ಪಂಚರ್ ತೆಗೀತಾನ,” ಎಂದಳು. “ಯಾಕ? ಅವನ ಮುಂದ ಕುಂತು ಎಣಸ್ತೀರೇನು?”

“ಅವ ಹೂಂ ಅಂದ್ರ ಎಣಸ್ತೇನ್ರಿ.”

ಅವಳು ಮೊಮ್ಮಗಳನ್ನು ಆಟೊಗೆ ಹತ್ತಿಸಿ ತಾನೂ ಕುಳಿತಳು. ಆಟೊ ಹೊರಟಿತು. ಸೋಮವಾರ ಮೌನೇಶ ಕಾರ್ಖಾನೆಗೆ ರಜೆ ಹೇಳಿ, ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋದ.